ಪೆರಿಯ ನವೋದಯ: ಕನ್ನಡ ಮಾಧ್ಯಮದ ಮಕ್ಕಳ ತಯಾರಿ ಹೇಗೆ?

ಪ್ರಶ್ನೆ (ಕುಂಬಳೆ ಕಡೆಯ ತಾಯಿ): ಮಾಷ್ಟ್ರೇ, ಮಗಳು ಕನ್ನಡ ಮಾಧ್ಯಮದಲ್ಲಿ 5ನೇ ಕ್ಲಾಸು. ನಮ್ಮ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ 6ನೇ ಕ್ಲಾಸಿನಿಂದ ಇರುವ ಕೇಂದ್ರ ಸರಕಾರದ ವಸತಿ ಶಾಲೆ, ಜವಾಹರ್ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಸಬೇಕೆಂದಿದ್ದೇವೆ. ಕನ್ನಡದ ಮಕ್ಕಳಿಗೆ ಕಷ್ಟ ಅಂತಾರೆ, ಹೌದಾ?

ಉತ್ತರ (ತಯಾರಿ ಮಾಡಿಸುವ ಅಧ್ಯಾಪಕರು): ಆ ಹೆದರಿಕೆ ಬೇಡಮ್ಮ. 2 ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ, ಅಂದರೆ 50 ಅಂಕ, ಬರೀ ಚಿತ್ರಗಳದ್ದು. ಅಲ್ಲಿ ಭಾಷೆಯ ಹಂಗೇ ಇಲ್ಲ. ಉಳಿದದ್ದು ಗಣಿತ 20, ಭಾಷೆ 20 ಪ್ರಶ್ನೆ, 25 ಅಂಕ ತಲಾ.

ಚಿತ್ರದ ಭಾಗದಲ್ಲಿ ಮಕ್ಕಳು ಹೆಚ್ಚು ಎಡವುವುದು ಕಾಗದ ಮಡಚಿ ತೂತು ಹಾಕುವ ಲೆಕ್ಕದಲ್ಲಿ. ಪುಸ್ತಕ ನೋಡಿ ಕಲಿಸಬೇಡಿ. ಚೌಕ ಕಾಗದ ಕೊಡಿ. ಎಡದಿಂದ ಬಲಕ್ಕೊಮ್ಮೆ, ಮೇಲಿಂದ ಕೆಳಕ್ಕೊಮ್ಮೆ ಮಡಚಿ ಒಂದು ತೂತು ಹಾಕಲಿ. ಬಿಡಿಸಿದರೆ ನಾಲ್ಕು. ಎರಡು ಮಡಿಕೆಗಳು ಸೇರುವ ಮೂಲೆಯ ಹತ್ತಿರ ಹಾಕಿದ್ದರೆ ನಾಲ್ಕೂ ನಡುವಿಗೆ ಬರುತ್ತವೆ, ಆ ಮೂಲೆಯಿಂದ ಅತಿ ದೂರದ ಮೂಲೆಯಲ್ಲಿ ಹಾಕಿದ್ದರೆ ಕಾಗದದ ನಾಲ್ಕು ಮೂಲೆಗೆ. ಒಂದು ಮಡಿಕೆಯ ಗೆರೆ ಮೇಲೆಯೇ ಹಾಕಿದರೆ ಎರಡೇ ಆಗುತ್ತದೆ. ಕೊನೆಗೆ ಮಡಚಿದ್ದನ್ನು ಮೊದಲು ಬಿಡಿಸಬೇಕು. ಮಕ್ಕಳು ಮನಸ್ಸಿನಲ್ಲಿ ಬಿಡಿಸುವಾಗ ಈ ಕ್ರಮ ತಪ್ಪಿಸಿಕೊಳ್ಳುತ್ತಾರೆ, ಉತ್ತರ ಅಲ್ಲೇ ಕೆಡುತ್ತದೆ. ದಿನಕ್ಕೆ ಹತ್ತು ಕಾಗದ ಮಡಚಿಸಿ, ಬಿಡಿಸುವ ಮೊದಲು ತೂತುಗಳನ್ನು ಚಿತ್ರಿಸಿ ತೋರಿಸಲಿ.

ಭಾಷಾ ಭಾಗದಲ್ಲಿ ನಾಲ್ಕು ಗದ್ಯಖಂಡ, ಒಂದೊಂದಕ್ಕೆ ಐದು ಪ್ರಶ್ನೆ. ಉತ್ತರ ಖಂಡದೊಳಗೇ ಇರುತ್ತದೆ, ತನಗೆ ಗೊತ್ತಿರುವುದನ್ನು ಗುರುತು ಮಾಡಬಾರದು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯಲ್ಲಿ ಬಾಲ್ ಪೆನ್ನೇ ಬಳಸಬೇಕು, ವೈಟ್ನರ್ ಹಚ್ಚಬಾರದು.

ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ತುಂಬಿಸುವಾಗ ಪಕ್ಕದಲ್ಲೇ ಕೂತು, ಪರೀಕ್ಷೆಯ ಮಾಧ್ಯಮದ ಕಾಲಂನಲ್ಲಿ ಕನ್ನಡ ಎಂದೇ ಹಾಕಿದ್ದಾರೆಯೇ ಎಂದು ನೀವೇ ಓದಿ ನೋಡಿ.

ಪ್ರಶ್ನೆ (ಮಂಜೇಶ್ವರದ ತಂದೆ): ನಾವಿರುವುದು ಮಂಜೇಶ್ವರದಲ್ಲಿ, ಮಗ ಮಂಗಳೂರಿನ ಶಾಲೆಗೆ ಹೋಗುತ್ತಾನೆ. ಬರೆಯಬಹುದಾ?

ಉತ್ತರ: ಆಗುವುದಿಲ್ಲ. ವಾಸವೂ 5ನೇ ತರಗತಿಯ ಓದೂ ಒಂದೇ ಜಿಲ್ಲೆಯಲ್ಲಿರಬೇಕು. ಅವನ ಮನೆ ಕಾಸರಗೋಡು ಜಿಲ್ಲೆ, ಶಾಲೆ ದಕ್ಷಿಣ ಕನ್ನಡ. ಹಾಗಾಗಿ ದಕ್ಷಿಣ ಕನ್ನಡದ ಮುಡಿಪಿನ ನವೋದಯಕ್ಕೂ ಅವನು ಸೇರಲಾರ. ಗಡಿಯ ಮಕ್ಕಳಿಗೆ ಈ ನಿಯಮ ನಿಜಕ್ಕೂ ದೊಡ್ಡ ನಷ್ಟ. ಪರೀಕ್ಷೆ ಜೀವನದಲ್ಲಿ ಒಮ್ಮೆ ಮಾತ್ರ, ಮರು ವರ್ಷ ಬರೆಯುವಂತಿಲ್ಲ. 75 ಶೇಕಡಾ ಸೀಟು ಗ್ರಾಮೀಣ ಮಕ್ಕಳಿಗೆ. ಆದರೆ 3, 4, 5ನೇ ತರಗತಿ ಪೂರ್ತಿ ಹಳ್ಳಿಯ ಶಾಲೆಯಲ್ಲೇ ಆಗಿರಬೇಕು. ಈ ಮೂರು ವರ್ಷದಲ್ಲಿ ಒಂದು ದಿನ ಕಾಸರಗೋಡು, ಕಾಞಂಗಾಡ್ ಅಥವಾ ನೀಲೇಶ್ವರ ನಗರಸಭೆಯ ಶಾಲೆಯಲ್ಲಿ ಓದಿದರೂ ನಗರದ ಲೆಕ್ಕ.

ಪ್ರಶ್ನೆ (ಮೊದಲಿನ ತಾಯಿ): ಸೀಟು ಸಿಕ್ಕಿದರೆ ಪಾಠ ಯಾವ ಭಾಷೆಯಲ್ಲಿ? ಖರ್ಚು?

ಉತ್ತರ: ಸಿಬಿಎಸ್‌ಇ ಪಠ್ಯ. ನವೋದಯದ ನೀತಿಯಂತೆ 7 ಅಥವಾ 8ನೇ ತರಗತಿವರೆಗೆ ಪ್ರಾದೇಶಿಕ ಭಾಷೆ, ಆಮೇಲೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಸಮಾಜ ಹಿಂದಿಯಲ್ಲಿ. ಕೇರಳದಲ್ಲಿ ಪ್ರಾದೇಶಿಕ ಭಾಷೆ ಎಂದರೆ ಮಲಯಾಳಂ. ಹಾಸ್ಟೆಲಿನ ಮಾತೂ ಹೆಚ್ಚಾಗಿ ಅದೇ. ಸೇರುವ ಮುಂಚಿನ ರಜೆಯಲ್ಲಿ ಮಲಯಾಳಂ, ಹಿಂದಿ ಅಕ್ಷರ ಗಟ್ಟಿ ಮಾಡಿಸಿ. ಗಣಿತದ ಇಂಗ್ಲಿಷ್ ಪದಗಳನ್ನೂ ಕನ್ನಡದ ಜೊತೆಗೇ ಹೇಳಿಕೊಡಿ: ಲ.ಸಾ.ಅ. ಎಂದರೆ ಎಲ್‌ಸಿಎಂ, ಛೇದ ಎಂದರೆ ಡಿನಾಮಿನೇಟರ್. 9ರಲ್ಲಿ ಒಂದಷ್ಟು ಮಕ್ಕಳನ್ನು ಒಂದು ವರ್ಷಕ್ಕೆ ಹಿಂದಿ ಪ್ರದೇಶದ ನವೋದಯಕ್ಕೆ ಕಳಿಸುತ್ತಾರೆ, ಅದಕ್ಕೂ ಮನಸ್ಸು ಸಿದ್ಧವಿರಲಿ.

ಊಟ, ವಸತಿ, ಪುಸ್ತಕ ಉಚಿತ. 9ರಿಂದ ತಿಂಗಳಿಗೆ 600 ರೂಪಾಯಿ ವಿದ್ಯಾಲಯ ವಿಕಾಸ ನಿಧಿ ಇದೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ.