ಸ್ಕೂಲು ತೆರೆಯೋಕೆ 15 ದಿನ: ನಿದ್ದೆ, ಲೆಕ್ಕ, ಶೂ... ಯಾವುದನ್ನ ಮೊದಲು ಹಿಡೀಲಿ?

ವಿದ್ಯಾನಗರದ ಅಮ್ಮ, ದಾವಣಗೆರೆ
ಮಗ ಈ ಸಲ ನಾಲ್ಕನೇ ಕ್ಲಾಸು. ಸೆಕೆಗೆ ಮಾಳಿಗೆ ಮೇಲೆ ಮಲಗ್ತಾನೆ, ನಿದ್ದೆ ಹತ್ತೋದು 11:30ಕ್ಕೆ. ಬಿಸಿಲು ಬಿದ್ದ ಮೇಲೆ ಕೆಳಗಿಳಿದು ಬಂದು ಮತ್ತೆ 9ರ ತನಕ ನಿದ್ದೆ. ಸ್ಕೂಲ್ ವ್ಯಾನು 7:45ಕ್ಕೇ ಬರುತ್ತೆ. ಕಳೆಯೋ ಲೆಕ್ಕ ಪೂರ್ತಿ ಮರೆತಿದ್ದಾನೆ, ಶೂ ಬಿಗಿ. ಎಲ್ಲಿಂದ ಶುರು ಮಾಡಲಿ?

ಮಕ್ಕಳ ನರ್ಸ್, ನಿಟ್ಟುವಳ್ಳಿ
ನಿದ್ದೆಯಿಂದ ಶುರು ಮಾಡ್ರಿ ಅಕ್ಕ. ‘ಇವತ್ತಿಂದ 9ಕ್ಕೇ ಮಲಗು’ ಅಂದ್ರೆ ಆಗಲ್ಲ, ಸುಮ್ಮನೆ ಹೊರಳಾಡ್ತಾನೆ. ಕೆಳಗೆ ಬಂದು ಮಾಡೋ ಆ ಎರಡನೇ ನಿದ್ದೆ ಐತಲ್ಲ, ಅದನ್ನ ದಿನಾ 15 ನಿಮಿಷ ಕಡಿಮೆ ಮಾಡ್ತಾ ಬನ್ನಿ. 9ರಿಂದ 6:30ಕ್ಕೆ ಬರೋಕೆ 10 ದಿನ ಹಿಡಿಯುತ್ತೆ. ಬೇಗ ಎಬ್ಬಿಸಿದ್ರೆ ರಾತ್ರಿ ನಿದ್ದೆ ತಾನಾಗೇ ಹಿಂದಕ್ಕೆ ಬರುತ್ತೆ. ಎದ್ದವನನ್ನ ಅಂಗಳದ ಬೆಳಕಿಗೆ ಕಳಿಸಿ, ಗಿಡಕ್ಕೆ ನೀರು ಹಾಕ್ಲಿ.

ಆರರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಅಂದ್ರೆ 9, ತಪ್ಪಿದ್ರೆ 9:30ಕ್ಕೆ ಮಲಗಿರಬೇಕು. ಆರ್‌ಸಿಸಿ ಮಾಳಿಗೆ ಹಗಲೆಲ್ಲ ಕಾದು ರಾತ್ರಿ ತನಕ ಬಿಸಿ ಬಿಡ್ತಿರುತ್ತೆ, ಅದಕ್ಕೇ ನಿದ್ದೆ ತಡ. ಸಂಜೆ ಆರಕ್ಕೆ ನೀರು ಹೊಡೀರಿ, ಒಣಗಿದ ಮೇಲೆ ಚಾಪೆ ಹಾಸಿ. ಮಲಗೋ ಒಂದು ಗಂಟೆ ಮೊದಲೇ ಮೊಬೈಲು ಎತ್ತಿಡಿ. ಎಲ್ಲ ಕೆಡೋದು ಭಾನುವಾರ: ಆವತ್ತು 9ರ ತನಕ ಬಿಟ್ರೆ ಆ ರಾತ್ರಿ ಬೇಗ ನಿದ್ದೆ ಬರಲ್ಲ, ಸೋಮವಾರ ಮತ್ತೆ ಮೊದಲಿಂದ.

ಲೆಕ್ಕದ ಮೇಷ್ಟ್ರು, ಚಿತ್ರದುರ್ಗ
ಹೊಸ ಪುಸ್ತಕ ಈಗಲೇ ತೆಗೀಬೇಡಿ, ಮೂರನೇ ಕ್ಲಾಸಿನದ್ದೇ ಸಾಕು. 503ರಲ್ಲಿ 278 ಕಳೆ ಅನ್ನಿ. 225 ಬಂದ್ರೆ ಚಿಂತೆ ಇಲ್ಲ. 375 ಬಂತು ಅಂದ್ರೆ, ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನ ಕಳೀತಿದ್ದಾನೆ ಅಂತ ಅರ್ಥ. ಇದು ಅಜಾಗರೂಕತೆ ಅಲ್ಲ, ದಶಕ ಒಡೆಯೋದು ಮರೆತಿದ್ದಾನೆ. ಬೈದ್ರೆ ಸರಿಹೋಗಲ್ಲ.

ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ ಕೈಗೆ ಕೊಡಿ. ‘278 ಕೊಡಪ್ಪ’ ಅನ್ನಿ. ಚಿಲ್ಲರೆ ಇಲ್ಲ. ಒಂದು ನೂರನ್ನ ಹತ್ತರ ಹತ್ತು ನೋಟು ಮಾಡಿಸಿ, ಅದರಲ್ಲೊಂದನ್ನ ಹತ್ತು ನಾಣ್ಯ ಮಾಡಿಸಿ. ಈಗ ನೂರು ನಾಲ್ಕು, ಹತ್ತು ಒಂಬತ್ತು, ಬಿಡಿ ಹದಿಮೂರು. ಇನ್ನು ಕೈಯೇ ಲೆಕ್ಕ ಮಾಡುತ್ತೆ. ಆಮೇಲೆ ಅದನ್ನೇ ಸ್ಲೇಟಿನ ಮೇಲೆ ಬರೆಸಿ. ದಿನಕ್ಕೆ ನಾಲ್ಕೇ ಲೆಕ್ಕ, ನಡುವೆ ಸೊನ್ನೆ ಇರೋವನ್ನೇ ಹೆಚ್ಚು ಕೊಡಿ. ಮಗ್ಗಿ ನೋಡಿ ಓದಿಸಬೇಡಿ, ಪುಸ್ತಕ ಮುಚ್ಚಿ ‘ಏಳೆಂಟ್ಲೆ?’ ಅಂತ ನಡುವಿಂದ ಕೇಳಿ. ಕಾಪಿ ಮೊದಲ ದಿನ ಐದು ಸಾಲು ಬರೆದ್ರೆ ಸಾಕು, ಬೆರಳು ಪಳಗಬೇಕು.

ದರ್ಜಿ ಅಣ್ಣ, ಮಂಡಿಪೇಟೆ
ಶೂ ಸಂಜೆ ಹೊತ್ತು ತಗೊಳ್ಳಿ, ಓಡಾಡಿದ ಕಾಲು ಆಗ ಸ್ವಲ್ಪ ಊದಿರುತ್ತೆ. ಸಾಕ್ಸ್ ಹಾಕಿ, ನಿಲ್ಲಿಸಿಯೇ ನೋಡಿ. ಉದ್ದ ಬೆರಳಿನ ಮುಂದೆ ನಿಮ್ಮ ಹೆಬ್ಬೆರಳಗಲ ಜಾಗ ಇರ್ಬೇಕು. ಮುಂದಿನ ವರ್ಷಕ್ಕೂ ಆಗ್ಲಿ ಅಂತ ಎರಡು ಸೈಜು ದೊಡ್ಡದು ತಂದ್ರೆ ಹಿಮ್ಮಡಿ ಜಾರಿ ಬೊಬ್ಬೆ ಏಳುತ್ತೆ. ಒಂದು ವಾರ ಮನೇಲಿ ಅರ್ಧರ್ಧ ಗಂಟೆ ಹಾಕಿಸಿ.

ಯೂನಿಫಾರ್ಮ್ ಕಾಟನ್ ಬಟ್ಟೆ ಆದ್ರೆ ರಾತ್ರಿ ನೆನೆಸಿ ಒಣಗಿಸಿಯೇ ದರ್ಜಿಗೆ ಕೊಡಿ, ಇಲ್ಲಾಂದ್ರೆ ಹೊಲಿದ ಮೇಲೆ ಕುಗ್ಗುತ್ತೆ. ಪ್ಯಾಂಟಿನ ತುದೀಲಿ ಎರಡು ಇಂಚು ಒಳಗೆ ಮಡಚಿಸಿ, ಉದ್ದ ಆದಾಗ ಬಿಚ್ಚಬಹುದು. ಇದೇ ವಾರ ಕೊಟ್ಬಿಡಿ, ಕೊನೇ ವಾರ ಯಾರೂ ಹೊಲಿದು ಕೊಡಲ್ಲ.

ವಿದ್ಯಾನಗರದ ಅಮ್ಮ
ಎಲ್ಲರಿಗೂ ಧನ್ಯವಾದ. ಮಧ್ಯಾಹ್ನ ಊಟ ಆದ ಮೇಲೂ ಮಲಗ್ತಾನೆ, ಬಿಡಿಸಲಾ? ಬ್ಯಾಗು ಎಷ್ಟು ಭಾರ ಇರಬಹುದು?

ಮಕ್ಕಳ ನರ್ಸ್, ನಿಟ್ಟುವಳ್ಳಿ
ಮೊದಲ ಮೂರು ದಿನ ಅರ್ಧ ಗಂಟೆ ಮಲಗ್ಲಿ, ಮೂರರೊಳಗೆ ಎಬ್ಬಿಸಿ. ಆಮೇಲೆ ಬಿಡಿಸಿ.

ಲೆಕ್ಕದ ಮೇಷ್ಟ್ರು, ಚಿತ್ರದುರ್ಗ
ಸರ್ಕಾರದ ಆದೇಶದ ಪ್ರಕಾರ ಮೂರರಿಂದ ಐದನೇ ಕ್ಲಾಸಿಗೆ 2ರಿಂದ 3 ಕೆಜಿ. ಬ್ಯಾಗು ಹಾಕಿ ಒಮ್ಮೆ, ಬಿಟ್ಟು ಒಮ್ಮೆ ತಕ್ಕಡಿ ಮೇಲೆ ನಿಲ್ಲಿಸಿ ನೋಡಿ. ಒಂದು ಲೀಟರ್ ನೀರೇ ಒಂದು ಕೆಜಿ ಆಗುತ್ತೆ. ಸ್ಕೂಲಲ್ಲಿ ಕುಡಿಯೋ ನೀರು ಚೆನ್ನಾಗಿದ್ರೆ ಅರ್ಧ ಲೀಟರ್ ಬಾಟಲಿ ಕಳಿಸಿ.