‘ಯುಟಿಲಿಟಿ’ಗೆ ಕನ್ನಡದಲ್ಲಿ ಏನನ್ನೋಣ?

ಹೆಚ್ಚು ಜನರಿಗೆ ಗೊತ್ತಿಲ್ಲದ, ಆದರೆ ತುಂಬಾ ಕೆಲಸಕ್ಕೆ ಬರುವ ಕೆಲವು ಪುಟ್ಟ ಆ್ಯಪ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ಈ ಜಾತಿಯ ಆ್ಯಪ್‌ಗೆ ಇಂಗ್ಲಿಷಿನಲ್ಲಿ ಯುಟಿಲಿಟಿ ಅನ್ನುತ್ತಾರೆ. ನಾವೇನು ಅನ್ನುವುದು?

ನಿಘಂಟಿನಲ್ಲಿ ‘ಉಪಯುಕ್ತತೆ’, ‘ಪ್ರಯೋಜನ’ ಸಿಗುತ್ತವೆ. ಅರ್ಥ ತಪ್ಪಲ್ಲ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಇಂಗ್ಲಿಷಿನ ಆ ಪದ ಗುಣಕ್ಕೂ ಆಗುತ್ತದೆ, ಆ ಗುಣ ಇರುವ ವಸ್ತುವಿಗೂ ಆಗುತ್ತದೆ. ‘ಉಪಯುಕ್ತತೆ’ ಮಾತ್ರ ಬರೀ ಗುಣ. ‘ಫೋನಿಗೆ ಮೂರು ಉಪಯುಕ್ತತೆಗಳನ್ನು ಹಾಕಿಕೊಂಡೆ’ ಅಂದರೆ ‘ಮೂರು ಒಳ್ಳೆಯತನ ಹಾಕಿಕೊಂಡೆ’ ಅಂದ ಹಾಗಿರುತ್ತದೆ. ಕವಿತೆ, ದೇವತೆ ಎಲ್ಲಾ ‘ತೆ’ಯಲ್ಲೇ ಮುಗಿದರೂ ಎಣಿಸುತ್ತೇವಲ್ಲ ಎಂದು ಕೇಳಬಹುದು. ನಿಜ. ಆದರೆ ಅವು ನಮ್ಮ ಕಿವಿಗೆ ಇಡಿಯಾದ ಪದಗಳು. ‘ಉಪಯುಕ್ತ’ದ ಬಾಲಕ್ಕೆ ‘ತೆ’ ಅಂಟಿಸಿದ್ದು ಇನ್ನೂ ಎದ್ದು ಕಾಣುತ್ತದೆ.

ಪದ ಹುಡುಕುವ ಮೊದಲು ವಸ್ತು ಎಂಥದು ಅಂತ ನೋಡೋಣ. ವಿಂಡೋಸ್‌ಗೆ ‘ಎವ್ರಿಥಿಂಗ್’ ಅಂತ ಒಂದಿದೆ. ಕಡತದ ಹೆಸರಿನ ನಾಲ್ಕು ಅಕ್ಷರ ಬರೆಯುವಷ್ಟರಲ್ಲಿ ಅದು ಎಲ್ಲಿದೆ ಅಂತ ತೋರಿಸಿಬಿಡುತ್ತದೆ. ಅದೇನೂ ಒಂದೊಂದೇ ಫೋಲ್ಡರ್ ಹೊಕ್ಕು ತಡಕಾಡುವುದಿಲ್ಲ. ಡಿಸ್ಕ್ ತಾನೇ ಇಟ್ಟುಕೊಂಡಿರುವ ಕಡತಗಳ ದೊಡ್ಡ ಪಟ್ಟಿಯನ್ನು ನೇರವಾಗಿ ಓದಿಕೊಳ್ಳುತ್ತದೆ. ‘ವಿನ್‌ಡರ್‌ಸ್ಟ್ಯಾಟ್’ ಇನ್ನೊಂದು. ಡಿಸ್ಕಿನಲ್ಲಿ ಯಾವುದು ಎಷ್ಟು ಜಾಗ ತಿಂದಿದೆ ಅಂತ ಬಣ್ಣಬಣ್ಣದ ಚೌಕಗಳಲ್ಲಿ ತೋರಿಸುತ್ತದೆ, ಅಷ್ಟೇ. ಇವುಗಳೊಳಗೆ ನಾವು ಗಂಟೆಗಟ್ಟಲೆ ಕೂರುವುದಿಲ್ಲ. ನಮ್ಮ ಕೆಲಸ ಬೇರೆಲ್ಲೋ ನಡೆದಿರುತ್ತದೆ. ನಡುವೆ ಕೈಗೆತ್ತಿಕೊಂಡು, ಮುಗಿದ ಮೇಲೆ ಪಕ್ಕಕ್ಕಿಡುತ್ತೇವೆ. ಪದದಲ್ಲಿ ಈ ಗುಣ ಬರಬೇಕು ಅನ್ನುವುದು ನನ್ನ ಹಟ.

‘ಸಾಧನ’ ಆಗಲೇ ಬೇರೆ ಕೆಲಸಕ್ಕೆ ಸೇರಿಬಿಟ್ಟಿದೆ. ಕನ್ನಡದಲ್ಲಿಟ್ಟ ಫೋನಿನಲ್ಲಿ ಫೋನನ್ನೇ ‘ನಿಮ್ಮ ಸಾಧನ’ ಅನ್ನುತ್ತಾರೆ. ‘ಉಪಕರಣ’ ಅಂದರೆ ವೈರು, ಪ್ಲಗ್ಗು ಇರಲೇಬೇಕು ಅನ್ನಿಸುತ್ತದೆ. ‘ಸಲಕರಣೆ’ ಒಂದಕ್ಕಿಂತ ಇಡೀ ಸಾಮಾನಿನ ಗುಂಪಿಗೆ ಚೆನ್ನ. ‘ಪರಿಕರ’ ಪರದೆಯ ಮೇಲೆ ಅಲ್ಲಲ್ಲಿ ಕಾಣುತ್ತದೆ, ಆದರೆ ಬಾಯಲ್ಲಿ ಯಾರೂ ಅನ್ನುವುದನ್ನು ನಾನು ಕೇಳಿಲ್ಲ. ನೆರವಾಗುವುದು ಅನ್ನುವ ಅರ್ಥದಲ್ಲಿ ‘ನೆರವಿ’ ಅಂತ ಕಟ್ಟಬಹುದಲ್ಲ ಎಂದು ಒಂದು ದಿನ ಖುಷಿಪಟ್ಟೆ. ಹಳಗನ್ನಡದಲ್ಲಿ ನೆರವಿ ಅಂದರೆ ಜನರ ಗುಂಪು ಅಂತ ನೆನಪಾಗಿ ಸುಮ್ನಾದೆ.

ನನಗೆ ಹಿಡಿಸಿರುವುದು ‘ಹತಾರ’. ಮರಗೆಲಸದವರ ಉಳಿ, ಬಾಚಿ ಎಲ್ಲಾ ಹತಾರಗಳೇ. ಎಣಿಸಬಹುದು, ಕೈಗೆತ್ತಿಕೊಳ್ಳಬಹುದು, ಪಕ್ಕಕ್ಕಿಡಬಹುದು. ಗಾತ್ರ ಹೇಳಬೇಕಾದರೆ ‘ಕಿರುಹತಾರ’. ತೊಡಕೊಂದೇ: ಇದೇ ಪದಕ್ಕೆ ಕತ್ತಿ, ಮಚ್ಚು ಎಂಬ ಅರ್ಥವೂ ಇದೆ. ‘ಫೋನಿನಲ್ಲಿ ಹತ್ತು ಹತಾರ ಇಟ್ಟುಕೊಂಡಿದ್ದೇನೆ’ ಅಂದರೆ ಕೇಳಿದವರು ಎರಡು ಹೆಜ್ಜೆ ಹಿಂದೆ ಸರಿಯಬಹುದು.

‘ಕ್ಲಿಪ್‌ಬೋರ್ಡ್’ ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ಕತ್ತರಿಸು, ಅಂಟಿಸು ಎರಡೂ ಕನ್ನಡಕ್ಕೆ ಸಲೀಸಾಗಿ ಬಂದವು. ಅವುಗಳ ಹಿಂದೆ ನಿಜವಾದ ಕತ್ತರಿ, ನಿಜವಾದ ಅಂಟು ಇತ್ತಲ್ಲ. ಸಂಪಾದಕರು ಹಸ್ತಪ್ರತಿಯ ಹಾಳೆ ಕತ್ತರಿಸಿ ಬೇರೆ ಕಡೆ ಅಂಟಿಸುತ್ತಿದ್ದರು. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ‘ಪಾರ್ಕ್’ ಅನ್ನುವ ಸಂಶೋಧನಾ ಕೇಂದ್ರದಲ್ಲಿದ್ದ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅದನ್ನೇ ಕಂಪ್ಯೂಟರಿಗೆ ತಂದರು. ನಡುವೆ ಆ ತುಣುಕು ಇರುವ ಜಾಗಕ್ಕೆ ಮಾತ್ರ ನಾವು ಕ್ಲಿಪ್‌ಬೋರ್ಡ್ ಅಂತಲೇ ಬಿಟ್ಟಿದ್ದೇವೆ. ಅಲ್ಲಿ ಕ್ಲಿಪ್ಪೂ ಇಲ್ಲ, ಬೋರ್ಡೂ ಇಲ್ಲ. ಪದ ಕೇಳಿದರೆ ಪರೀಕ್ಷೆಗೆ ಒಯ್ಯುವ ರಟ್ಟೇ ಕಣ್ಣಮುಂದೆ ಬರುತ್ತದೆ.

ತಮಾಷೆ ಅಂದರೆ, ಇದಕ್ಕೆ ಸರಿಯಾದ ಪದವನ್ನು ನಾವು ಆಗಲೇ ಬೇರೆಯದಕ್ಕೆ ಕೊಟ್ಟು ಕೂತಿದ್ದೇವೆ. ‘ಕಡತ’ ಅಂದರೆ ಮೊದಲು ಬಟ್ಟೆ. ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿ ಸೇರಿಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಇಟ್ಟುಕೊಳ್ಳುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಒರೆಸಿ ಬರೆಯುವ ಜಾಗ ಅಂದರೆ ಕ್ಲಿಪ್‌ಬೋರ್ಡೇ ಅಲ್ವಾ? ಆದರೆ ಕಡತ ಈಗ ಫೈಲ್ ಆಗಿ ನೆಲೆಯೂರಿದೆ. ಅದನ್ನು ಎಬ್ಬಿಸಲು ಆಗುವುದಿಲ್ಲ.

ಕ್ಲಿಪ್‌ಬೋರ್ಡಿಗೆ ಒಂದು ಪದ ಬೇಕೇಬೇಕು ಅನ್ನಿಸಿದ್ದು ‘ಡಿಟ್ಟೊ’ ಅನ್ನುವ ಆ್ಯಪ್ ಬಗ್ಗೆ ಬರೆಯುವಾಗ. ವಿಂಡೋಸ್‌ನಲ್ಲಿ ಮೊದಲೆಲ್ಲಾ ಹೊಸದನ್ನು ನಕಲು ಮಾಡಿದರೆ ಹಳೆಯದು ಹೋಗಿಬಿಡುತ್ತಿತ್ತು. 2018ರಲ್ಲಿ ವಿಂಡೋಸ್ 10ಕ್ಕೆ ಬಂದ ಅಪ್‌ಡೇಟ್‌ನಿಂದ ವಿಂಡೋಸ್ ಕೀ ಜೊತೆ ವಿ ಒತ್ತಿದರೆ ಹಿಂದಿನವೂ ಕಾಣುತ್ತವೆ. ಆದರೆ ಉಳಿಯುವುದು 25 ಮಾತ್ರ. ಡಿಟ್ಟೊ ಅದಕ್ಕಿಂತ ಎಷ್ಟೋ ಜಾಸ್ತಿ ನೆನಪಿಟ್ಟುಕೊಳ್ಳುತ್ತದೆ, ಹುಡುಕಲೂ ಬಿಡುತ್ತದೆ. ಎತ್ತಿದ್ದನ್ನೆಲ್ಲಾ ಇನ್ನೆಲ್ಲೋ ಇಳಿಸುವ ತನಕ ಹಿಡಿದಿರುವುದಕ್ಕೆ ನಮ್ಮಲ್ಲಿ ‘ಉಡಿ’ ಅನ್ನುವ ಪದ ಇದೆ. ‘ನಕಲು ಉಡಿಯಲ್ಲಿದೆ’, ‘ಉಡಿಯಿಂದ ಅಂಟಿಸಿ’. ಒಪ್ಪುತ್ತದೆಯೇ? ಅಥವಾ ನನಗೊಬ್ಬನಿಗೇ ಚೆನ್ನಾಗಿ ಕೇಳಿಸುತ್ತಿದೆಯೋ?

‘ಲಾಂಚರ್’ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. ಕಂಪ್ಯೂಟರಿನಲ್ಲಿ ಎರಡಕ್ಷರ ಬರೆದು ಆ್ಯಪ್ ತೆರೆಯುವುದೂ ಲಾಂಚರ್, ಆಂಡ್ರಾಯ್ಡ್‌ನಲ್ಲಿ ಇಡೀ ಮುಖಪರದೆಯೂ ಲಾಂಚರ್. ‘ಉಡಾವಣೆ’ ಅಂದರೆ ರಾಕೆಟ್ಟೇ. ಲಾಂಚರ್ ಅಂತಲೇ ಇರಲಿ ಬಿಡಿ.

‘ಪ್ರೊಡಕ್ಟಿವಿಟಿ’ಗೆ ಬಳಸುವ ‘ಉತ್ಪಾದಕತೆ’ ಮಾತ್ರ ಒಂಚೂರೂ ಸೇರುವುದಿಲ್ಲ. ಕಾರ್ಖಾನೆಯ ವಾಸನೆ ಹೊಡೆಯುತ್ತದೆ. ಕೆಲಸ ಆಗದ ದಿನ ‘ಇವತ್ತು ಕೆಲಸ ಸಾಗಲೇ ಇಲ್ಲ’ ಅನ್ನುತ್ತೇವೆ, ‘ಬರಕತ್ತಿಲ್ಲ’ ಅಂತಲೂ ಅನ್ನುತ್ತೇವೆ. ‘ಕೆಲಸ ಸಾಗಿಸುವ ಆ್ಯಪ್‌ಗಳು’ ಅಂತ ಬರೆದಿದ್ದೇನೆ. ‘ಬರಕತ್ತಿನ ಆ್ಯಪ್‌ಗಳು’ ಅನ್ನಲು ಇನ್ನೂ ಧೈರ್ಯ ಬಂದಿಲ್ಲ.

ಕೊನೆಯದು ‘ಎಸ್ಪಾನ್ಸೊ’ ಅನ್ನುವ ಆ್ಯಪ್ ತಂದ ಕಷ್ಟ. 2003ರಿಂದ ಇರುವ ‘ಆಟೊಹಾಟ್‌ಕೀ’ ಕೂಡ ಈ ಕೆಲಸ ಮಾಡುತ್ತದೆ. ಮೊದಲೇ ಹೇಳಿಕೊಟ್ಟ ಎರಡು ಮೂರು ಅಕ್ಷರ ಬರೆದರೆ ಆ ಜಾಗದಲ್ಲಿ ಇಡೀ ವಾಕ್ಯ ಬಂದು ಕೂರುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಎಕ್ಸ್‌ಪ್ಯಾಂಡ್’ ಅನ್ನುತ್ತಾರೆ. ‘ವಿಸ್ತರಿಸು’ ಅಂದರೆ ಇರುವುದನ್ನೇ ಎಳೆದು ಉದ್ದ ಮಾಡಿದಂತೆ ಕೇಳುತ್ತದೆ. ‘ಬಿಡಿಸು’ ಪರವಾಗಿಲ್ಲ. ನಾನು ‘ಅರಳು’ ಅಂತ ಬರೆದೆ: ‘ಮೂರಕ್ಷರ ಬರೆಯಿರಿ, ಪೂರ್ತಿ ವಾಕ್ಯವಾಗಿ ಅರಳುತ್ತದೆ’. ಹಾಗಾದರೆ ಆ ಮೂರಕ್ಷರಕ್ಕೆ ‘ಮೊಗ್ಗು’ ಅನ್ನಬೇಕಾಗುತ್ತದೆ. ‘ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ಮೊಗ್ಗು ಸೇರಿಸಿ’ ಅಂತ ಬರೆದು ನೋಡಿದೆ, ನಗು ಬಂತು. ಆದರೂ ಅಳಿಸಿಲ್ಲ.

ಬಲ್ಲವರು ಎರಡು ವಿಷಯ ತಿಳಿಸಿ. ನಿಮ್ಮ ಕಡೆ ಆಡುವುದು ‘ಹತಾರ’ವೋ ‘ಹತ್ಯಾರ’ವೋ? ಕೆಲಸದ ಸಾಮಾನು ಅನ್ನುವ ಅರ್ಥ ಅಲ್ಲಿ ಇನ್ನೂ ಓಡಾಡುತ್ತಿದೆಯೇ, ಇಲ್ಲ ಬರೀ ಮಚ್ಚು ಕತ್ತಿ ಉಳಿದಿವೆಯೇ?