ಬ್ಯಾಗ್ ಇಟ್ಟುಕೊಂಡು ಮದುವೆಗೆ ಹೋಗುವುದು ಹೇಗೆ?

ಮಡಿಕೇರಿ ಕಡೆಯ ತಂಗಿಯ ಪ್ರಶ್ನೆ: ಅಕ್ಕನಿಗೆ ಗುದನಾಳದ ಕ್ಯಾನ್ಸರ್ ಆಪರೇಷನ್ ಆಗಿ, ಹೊಟ್ಟೆಯ ಎಡಗಡೆ ಕೊಲೊಸ್ಟಮಿ (ದೊಡ್ಡ ಕರುಳಿನ ತುದಿ ಹೊರಗೆ ತಂದು, ಮಲ ಬ್ಯಾಗಿಗೆ ಬೀಳುವ ಹಾಗೆ) ಮಾಡಿದ್ದಾರೆ. ಬ್ಯಾಗ್ ಇನ್ನು ಯಾವಾಗಲೂ ಇರುತ್ತದಂತೆ. ಕನ್ನಡಿ ನೋಡುವುದಿಲ್ಲ. ಭಾವನಿಂದ ದೂರ ಮಲಗುತ್ತಾಳೆ. ಹುತ್ತರಿಗೂ ಹೊರಗೆ ಬರಲಿಲ್ಲ. ಈಗ ಮನೆಯಲ್ಲಿ ಮದುವೆ ಇದೆ. ಹೇಗೆ ಒಪ್ಪಿಸಲಿ?

ಗೋಣಿಕೊಪ್ಪದಿಂದ: ಒಪ್ಪಿಸಲು ಹೋಗಬೇಡಮ್ಮ. ಮೊದಲು ಸೋರುವ ಭಯ ಹೋಗಲಿ. ನನಗೂ ಇದೇ ಆಪರೇಷನ್ ಆಗಿದೆ. ನಾಚಿಕೆಗಿಂತ, ನಾಲ್ಕು ಜನರ ಮಧ್ಯೆ ವಾಸನೆ ಬಂದರೆ ಅನ್ನುವ ಹೆದರಿಕೆಯೇ ನನ್ನನ್ನು ಮನೆಯಲ್ಲಿ ಕೂರಿಸಿತ್ತು. ಸ್ಟೋಮಾ, ಅಂದರೆ ಹೊಟ್ಟೆಯ ಮೇಲಿನ ಕರುಳಿನ ಬಾಯಿ, ಮೊದಲ 6ರಿಂದ 8 ವಾರ ಕುಗ್ಗುತ್ತಾ ಬರುತ್ತದೆ. ಬ್ಯಾಗ್ ಹಿಡಿಯಲು ಚರ್ಮಕ್ಕೆ ಅಂಟಿಸುವ ಪ್ಲೇಟನ್ನು ಹಳೆಯ ಅಳತೆಗೇ ಕತ್ತರಿಸಿದರೆ ಮಲ ಚರ್ಮಕ್ಕೆ ತಾಗಿ ಹುಣ್ಣಾಗುತ್ತದೆ, ಪ್ಲೇಟ್ ಏಳುತ್ತದೆ. ಮತ್ತೆ ಅಳೆಯಿರಿ. ನಮ್ಮ ಮಳೆಗಾಲದಲ್ಲಂತೂ ಮೈಯ ತೇವವೇ ಆರುವುದಿಲ್ಲ ಅಲ್ವಾ? ಚರ್ಮ ಚೆನ್ನಾಗಿ ಒರೆಸಿ, ಎಣ್ಣೆ, ಪೌಡರ್ ಹಾಕದೆ ಅಂಟಿಸಿ, ಅಂಗೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಲಿ. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಲಿ.

ಇನ್ನು ಸೀರೆ. ನಮ್ಮ ಕೊಡವ ಸೀರೆಗೆ ನೆರಿಗೆ ಹಿಂದೆ. ಮುಂದೆ ಮರೆ ಇಲ್ಲ, ಉಬ್ಬು ಕಾಣುತ್ತದೆ ಎಂದು ಹೆದರಿದ್ದೆ. ಲಂಗದ ದಾರ ಸ್ಟೋಮಾದ ಮೇಲೆ ಬರದ ಹಾಗೆ ಕಟ್ಟಿ, ಒಳಗೆ ಎತ್ತರದ ಮೆತ್ತಗಿನ ಒಳಉಡುಪು ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಮನೆಯಲ್ಲೇ ಒಂದು ಸಲ ಉಟ್ಟು ಕೂತು, ಬಗ್ಗಿ ನೋಡಲಿ. ಎಡಗಡೆಯ ಕೊಲೊಸ್ಟಮಿ ಇರುವ ಕೆಲವರಿಗೆ ಸ್ಟೋಮಾದಿಂದ ನೀರು ಬಿಟ್ಟು ಕರುಳು ತೊಳೆಯುವ ಕ್ರಮವೂ ಆಗುತ್ತದೆ. ಡಾಕ್ಟರ್ ಒಪ್ಪಿದರೆ ನರ್ಸ್ ಕಲಿಸುತ್ತಾರೆ.

ಭಾವನ ವಿಷಯ. ಬ್ಯಾಗ್ ಬದಲಿಸುವ ಕೆಲಸ ಅವಳ ಕೈಯಲ್ಲೇ ಇರಲಿ, ಗಂಡ ನರ್ಸ್ ಆಗುವುದು ಬೇಡ. ಖಾಲಿ ಮಾಡಿ, ಹತ್ತಿ ಬಟ್ಟೆಯ ಕವರ್ ಹಾಕಿಕೊಂಡರೆ ಪಕ್ಕ ಮಲಗುವುದು ಸುಲಭ. ಈ ಆಪರೇಷನ್‌ನಲ್ಲಿ ಕೆಳಗಿನ ನರಗಳಿಗೂ ಪೆಟ್ಟಾಗಬಹುದು. ಗಂಡನ ಜೊತೆ ಕೂಡುವಾಗ ನೋವಿದ್ದರೆ ಸುಮ್ನೆ ಸಹಿಸುವುದು ಬೇಡ, ಡಾಕ್ಟರಿಗೆ ಹೇಳಲೇಬೇಕು.

ವಿರಾಜಪೇಟೆಯಿಂದ: ನನ್ನದು ಬಲಗಡೆ, ಇಲಿಯೊಸ್ಟಮಿ, ಅಂದರೆ ಸಣ್ಣ ಕರುಳನ್ನು ಹೊರಗೆ ತಂದದ್ದು. ಕಣಿಲೆ, ಅಣಬೆಯಲ್ಲಿ ನಾರು ಜಾಸ್ತಿ, ನಮ್ಮಂಥವರಿಗೆ ಒಳಗೆ ಸಿಕ್ಕಿಕೊಳ್ಳಬಹುದು. ಕೊಲೊಸ್ಟಮಿಗೆ ಅಷ್ಟು ಕಟ್ಟುನಿಟ್ಟು ಬೇಡ. ಕಡಂಬುಟ್ಟು, ಪಂದಿ ಕರಿ ಸ್ವಲ್ಪ ಸ್ವಲ್ಪ ತಿಂದು ನೋಡಲಿ. ಕಾಫಿ ಚೀಲ, ತುಂಬಿದ ಕೊಡ ಮಾತ್ರ ಎತ್ತಬಾರದು. ಸ್ಟೋಮಾದ ಪಕ್ಕ ಹರ್ನಿಯಾ (ಒಳಗಿನ ಕರುಳು ಉಬ್ಬಿ ಬರುವುದು) ಆಗಬಹುದು. ಕುಪ್ಯದ (ನಮ್ಮ ಗಂಡಸರ ನಿಲುವಂಗಿ) ಮೇಲೆ ಚೇಲೆಯನ್ನು (ಸೊಂಟದ ಪಟ್ಟಿ) ನಾನು ಸಡಿಲವಾಗಿ ಕಟ್ಟುತ್ತೇನೆ. ಯಾರೂ ಕೇಳಿಲ್ಲ.

ಕುಶಾಲನಗರದಿಂದ: ಅಮ್ಮನ ಜೊತೆ ಹೋಗುವಾಗ ಕತ್ತರಿಸಿದ ಪ್ಲೇಟ್, ಬ್ಯಾಗ್, ಒಂದು ಜೊತೆ ಬಟ್ಟೆ ನನ್ನ ಬಳಿ ಇರುತ್ತದೆ. ಮಂಟಪದ ಬಾತ್‌ರೂಮ್ ಎಲ್ಲಿದೆ ಎಂದು ಮೊದಲೇ ನೋಡಿರುತ್ತೇನೆ. ಅಕ್ಕ ಮುಹೂರ್ತಕ್ಕೆ ಬಂದು, ಊಟ ಮಾಡಿ ಹೊರಡಲಿ. ಈ ಸಲಕ್ಕೆ ಅಷ್ಟು ಸಾಕು.